ಅಕ್ಕನ ಕೈಯ ಸದ್ದು

ಲೈಪ್ಸಿಗ್‌ಗೆ ಬಂದ ಮೊದಲ ಭಾನುವಾರ ಚಟ್ನಿಗೆ ಮಿಕ್ಸಿ ಹಾಕಿದೆ. ಸರಿಯಾಗಿ ತಿರುಗಿತ್ತೋ ಇಲ್ಲವೋ, ಕೆಳಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ಬೈಯಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ‘ರೂಎತ್ಸೈಟ್’ ಎಂದು ಇಳಿದು ಹೋದರು. ಹಾಗೆಂದರೆ ಸದ್ದು ಮಾಡಬಾರದ ಹೊತ್ತು. ಜರ್ಮನಿಯಲ್ಲಿ ಭಾನುವಾರ ಪೂರ್ತಿ ಅದೇ. ನಮ್ಮ ಅಜ್ಜಂಪುರದಲ್ಲಿ ಸದ್ದಿಲ್ಲದ ಮನೆಯೆಂದರೆ ಬೀಗ ಹಾಕಿದ ಮನೆ. ಇಲ್ಲಿ ನಾನು ಒಳಗಿದ್ದುಕೊಂಡೇ ಹಾಗಿರುವುದನ್ನು ಕಲಿತೆ. ಚಟ್ನಿಯನ್ನು ಈಗ ಶನಿವಾರವೇ ರುಬ್ಬಿಡುತ್ತೇನೆ.

ಇಲ್ಲಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಲಿಗಳ ಕಿಡ್ನಿಯ ಮೇಲೆ. ಕಿಡ್ನಿಯೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆಯಿದೆ. ಪೆಟ್ಟು ಬಿದ್ದಾಗ ಅವು ನಶಿಸುತ್ತಾ ಹೋಗಿ, ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಕೂರುತ್ತದೆ. ನಾಳಗಳನ್ನು ಬೆಳೆಸುವ ಪ್ರೋಟೀನುಗಳು ದೇಹದಲ್ಲೇ ಇವೆ. ಪೆಟ್ಟಾದ ಹೊಸದರಲ್ಲಿ ಅವನ್ನು ಕೊಟ್ಟರೆ ನಾಳ ಉಳಿದು ಕಲೆ ತಪ್ಪುತ್ತದೆಯೇ ಎಂದು ನೋಡುತ್ತೇವೆ. ಕೆಲವು ಇಲಿಗಳಲ್ಲಿ ತಪ್ಪುತ್ತದೆ. ಹೆಚ್ಚಾದರೆ ಕೆಡುಕೂ ಆಗುತ್ತದೆ. ಮನುಷ್ಯರವರೆಗೆ ಬರಲು ಇನ್ನೂ ಬಹಳ ದೂರವಿದೆ.

ಹಿರೇನಲ್ಲೂರಿಗೆ ಕೊಟ್ಟಿರುವ ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಸೋತಿವೆ. ಡಯಾಲಿಸಿಸ್‌ಗೆ ಮೊದಲೇ ಕೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿಯಬೇಕು, ಅದು ಬಲಿಯಲು ವಾರಗಟ್ಟಲೆ ಬೇಕು, ತಡಮಾಡಬೇಡಿ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಒಂದು ಭಾನುವಾರ ಭಾವ ಫೋನ್ ಮಾಡಿದರು.

“ನಿಮ್ಮಕ್ಕ ಕೈ ಕೊಯ್ಸ್ಕೊಳಲ್ಲ ಅಂತಾಳೆ ಕಣಮ್ಮ. ತಂಗಿ ಔಷಧಿ ತತ್ತಾಳೆ ಅಂತ ಕಾಯ್ತಾ ಕೂತಿದಾಳೆ.”

ರೂಎತ್ಸೈಟ್ ಅಲ್ಲವೇ, ಅಳುವುದನ್ನೂ ಸದ್ದಿಲ್ಲದೆ ಅತ್ತು, ಮುಖ ತೊಳೆದು ಅಕ್ಕನಿಗೆ ಫೋನ್ ಮಾಡಿದೆ.

“ಯಾವಾಗ್ ಬತ್ತೈತೇ ನಿನ್ ಔಷಧಿ?” ಎಂದಳು.

“ಅದು ನಿಂಗಾಗಲ್ಲ ಕಣಕ್ಕ.”

“ಯಾಕಾಗಲ್ಲ? ತೆಂಗಿಗೆ ಟಾನಿಕ್ ಕಟ್ತೀವಲ್ಲ, ಹಂಗಲ್ವಾ?”

ನಮ್ಮ ಕಡೆ ತೆಂಗಿನ ಹಸಿ ಬೇರೊಂದರ ತುದಿ ಕೊಯ್ದು ಟಾನಿಕ್ ಪ್ಯಾಕೆಟ್ ಕಟ್ಟುತ್ತಾರೆ. ಮರ ಅದನ್ನು ಹೀರಿಕೊಳ್ಳುತ್ತದೆ. ನಾನು, ಅಕ್ಕ ಎಷ್ಟೋ ಮರಕ್ಕೆ ಕಟ್ಟಿದ್ದೇವೆ. ಆ ಮಾತಿನಲ್ಲೇ ಹೇಳಿದೆ.

“ಒಣಗಿದ್ ಬೇರಿಗೆ ಕಟ್ಟಿದ್ರೆ ಕುಡಿಯುತ್ತೇನಕ್ಕ?”

“ಹಂಗಾರೆ ಅಷ್ಟು ದೂರ ಹೋಗಿ ಯಾರಿಗ್ ಮಾಡ್ತಿದೀಯೇ?” ಎಂದು ಕೇಳಿದಳು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

“ಗೊತ್ತಿಲ್ಲ ಕಣಕ್ಕ,” ಎಂದೆ. “ನೀನು ಮಾತ್ರ ನಾಳೇನೇ ಹೋಗಿ ಕೈ ತೋರ್ಸು.”

ಹೋದಳು, ನಾಳ ಹೊಲಿಸಿಕೊಂಡಳು. ಅವಳ ಪಕ್ಕ ಆಸ್ಪತ್ರೆಯಲ್ಲಿ ನಾನಿರಲಿಲ್ಲ. ಆ ದಿನವೂ ಇಲ್ಲಿ ಇಲಿಗಳ ಕಿಡ್ನಿ ಕೊಯ್ಯುತ್ತಿದ್ದೆ. ಈಗ ಜರ್ಮನ್‌ನಲ್ಲಿ ತಮಾಷೆ ಮಾಡುವಷ್ಟು ಕಲಿತಿದ್ದೇನೆ. ಕೆಳಮನೆಯ ಅಜ್ಜಿ ಬಾಗಿಲಲ್ಲಿ ಸೇಬು ಇಟ್ಟು ಹೋಗುತ್ತಾರೆ. ಆದರೂ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ ಅಕ್ಕನ ಪ್ರಶ್ನೆಯೇ ಕಿವಿಗೆ ಬರುತ್ತದೆ.

ಕಳೆದ ಭಾನುವಾರ ಅವಳೇ ಫೋನ್ ಮಾಡಿದಳು. “ಹೊಲಿಗೆ ಹಾಕಿದ್ ಜಾಗ ಗುಂಯ್ ಅಂತೈತೆ ಕಣೇ, ಬೋರಿನ ಮೋಟ್ರು ಓಡ್ದಂಗೆ. ಹಂಗಂದ್ರೇನೇ ಸರಿಯಾಗೈತೆ ಅಂದ್ರು ಡಾಕ್ಟ್ರು. ಕೇಳು,” ಎಂದು ಫೋನನ್ನು ಮಣಿಕಟ್ಟಿಗೆ ಒತ್ತಿ ಹಿಡಿದಳು.

ನಾನು ಉಸಿರು ಬಿಗಿಹಿಡಿದೆ. ಇಷ್ಟು ದಿನ ಬೈದುಕೊಂಡಿದ್ದ ಇಲ್ಲಿನ ನಿಶ್ಶಬ್ದ ಆಗ ಸಾಲದೆನಿಸಿತು. ಆ ಕಡೆ ಕುಕ್ಕರ್ ಕೂಗಿತು, ಭಾವ ಯಾರನ್ನೋ ಕರೆದರು, ಕಡೂರು ಬಸ್ಸು ಹಾರನ್ ಹೊಡೆಯಿತು. ಅಕ್ಕನ ಕೈಯ ಸದ್ದು ಮಾತ್ರ ಕೇಳಿಸಲಿಲ್ಲ.

“ಕೇಳ್ತಾ?”

“ಕೇಳ್ತು ಕಣಕ್ಕ,” ಎಂದೆ. “ಇನ್ನೊಂದ್ ಸ್ವಲ್ಪ ಹೊತ್ತು ಹಂಗೇ ಹಿಡ್ಕೊಂಡಿರು.”