ಹೆಡ್‌ಮಿಸ್ ಸೂರಿನ ಮೇಲೆ ಭಾವನ ತೋಟ

ಪ್ಯಾಂಟಿನ ಹಿಂಬದಿ ಒದ್ದೆ ಮಾಡಿಕೊಂಡ ಐವತ್ತು ದಾಟಿದ ಗಂಡಸು ಮರ್ಯಾದೆಯಿಂದ ಮೆಟ್ಟಿಲಿಳಿಯುವ ಕ್ರಮ ಯಾವುದೆಂದು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು. ನಾನಂತೂ ಗೋಡೆಗೆ ಬೆನ್ನು ಒತ್ತಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಇಳಿದೆ.

ಆದದ್ದಿಷ್ಟು. ಅಕ್ಕ, ಭಾವ ಬಾಡಿಗೆಗಿರುವುದು ತಾರಸಿಯ ಮೇಲಿನ ಪುಟ್ಟ ಮನೆಯಲ್ಲಿ. ಮನೆಯ ಮುಂದಿನ ಬಯಲು ತಾರಸಿಯೆಲ್ಲ ಭಾವನ ತರಕಾರಿ ತೊಟ್ಟಿಗಳು. ಟೀ ಲೋಟ ಹಿಡಿದು ಒಂದು ತೊಟ್ಟಿಗೆ ಬೆನ್ನು ಕೊಟ್ಟು ಇಟ್ಟಿಗೆಗಳ ಮೇಲೆ ಕೂತಿದ್ದೆ. ತೊಟ್ಟಿಯಿಂದ ಬೆರಳು ದಪ್ಪದ ಕೊಳವೆಯೊಂದು ಹೊರಗೆ ಇಣುಕಿದ್ದನ್ನು ಗಮನಿಸಲಿಲ್ಲ. ಭಾವ ಆ ಕಡೆಯಿಂದ ನೀರು ತುಂಬಿಸುತ್ತಿದ್ದರು. ತುಂಬಿ ಹೆಚ್ಚಾದದ್ದು ಕೊಳವೆಯಿಂದ ಹೊರಬರಬೇಕೆಂದು ನಿಯಮ. ನಿಯಮದ ಪ್ರಕಾರವೇ ಬಂತು.

ಕೆಳಗಿನ ಮನೆಯ ಬಾಗಿಲಲ್ಲಿ ಹೆಡ್‌ಮಿಸ್ ನಿಂತಿದ್ದರು. ಮನೆಯ ಒಡತಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಶಾಲೆ ಬಿಟ್ಟು ವರ್ಷಗಳಾದರೂ ಅವರೆದುರು ನಿಂತವರ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ನನ್ನದೂ ಹೋಯಿತು, ಅಲ್ಲಿ ಒದ್ದೆ ಸಿಕ್ಕಿತು.

"ಏನ್ರೀ ಅದು?" ಅಂದರು.

ಅವರು ಬೇರೇನಾದರೂ ತಿಳಿದುಕೊಂಡಾರೆಂಬ ಆತುರದಲ್ಲಿ, "ನಂದಲ್ಲ ಮೇಡಂ, ಮೇಲೆ ತೊಟ್ಟಿ ಸೋರ್ತು!" ಅಂದುಬಿಟ್ಟೆ.

ಅವರ ಮುಖದಲ್ಲಿ ತಪ್ಪಿತಸ್ಥ ಸಿಕ್ಕಿಬಿದ್ದಾಗಿನ ಕಳೆ ಬಂತು. "ಒಳಗೆ ಬನ್ನಿ" ಎಂದು ತಮ್ಮ ಮಲಗುವ ಕೋಣೆಗೆ ಕರೆದೊಯ್ದು ಬೆರಳು ಮೇಲಕ್ಕೆತ್ತಿದರು. ಬಿಳಿ ಸೂರಿನ ಮೂಲೆಯಲ್ಲಿ ಊಟದ ತಟ್ಟೆಯಷ್ಟಗಲ ತೇವದ ಕಲೆ. "ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಂಡಿದ್ದೆ. ನೀವೇ ಹೇಳಿದ್ರಲ್ಲ. ಭಾನುವಾರ ಮೇಸ್ತ್ರಿ ಬರ್ತಾನೆ. ನೀರು ಮೇಲಿಂದಲೇ ಅಂತ ಆದ್ರೆ, ಒಂದು ತೊಟ್ಟಿನೂ ಅಲ್ಲಿ ಇರಬಾರದು. ನಿಮ್ಮ ಭಾವನಿಗೆ ಹೇಳಿ."

ಒದ್ದೆ ಬೆನ್ನು ಹೊತ್ತು ಮತ್ತೆ ಮೇಲೆ ಹತ್ತಿದೆ.

ನನ್ನ ಭಾವನ ವಿಷಯ ಸ್ವಲ್ಪ ಹೇಳಬೇಕು. ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ನೋಡುವುದು, ಹಬೆಯ ಒತ್ತಡ ತೋರಿಸುವ ಗಡಿಯಾರದಂಥ ಮುಖದ ಮುಳ್ಳು ನೋಡುವುದು, ಮತ್ತೆ ನೀರು ನೋಡುವುದು. ಏನೂ ಆಗದಂತೆ ನೋಡುತ್ತಾ ಕೂರುವುದಕ್ಕೆ ಸಂಬಳ. ಅವರ ಕಾಲದಲ್ಲಿ ಅಲ್ಲಿ ಏನೂ ಆಗಲಿಲ್ಲ. ನಿವೃತ್ತಿಯಾದ ಮೇಲೆ ಬಾಯ್ಲರ್ ಅಲ್ಲಿಯೇ ಉಳಿಯಿತು, ನೋಡುವ ಚಟ ಮನೆಗೆ ಬಂತು. ಗ್ಯಾಸ್ ಸಿಲಿಂಡರಿಗೆ ಕಿವಿಯಿಟ್ಟು ಕೇಳುವರು. ಅಕ್ಕ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು, "ಬಿದ್ಯೇನೇ?" ಎನ್ನುವರು. "ಇಲ್ಲ" ಎಂದರೆ, "ಸದ್ದು ಕೇಳಿಸ್ತಲ್ಲ?" ಎನ್ನುವರು. "ಅದು ಚೊಂಬು ರೀ!" ಎಂದರೆ, ಚೊಂಬು ಯಾಕೆ ಬಿತ್ತು, ಕೈ ನಡುಗಿತೇ, ಡಾಕ್ಟರಿಗೆ ತೋರಿಸೋಣವೇ. ಅಕ್ಕ ಮಧ್ಯಾಹ್ನ ಕಣ್ಣು ಮುಚ್ಚಿದರೆ ಮೂಗಿನ ಬಳಿ ಬೆರಳು ಹಿಡಿದು ನೋಡುವರು. ಒಮ್ಮೆ ಆಕೆ ಆ ಬೆರಳನ್ನು ಕಚ್ಚಿದಳು.

ತೊಟ್ಟಿಗಳು ಬಂದ ಮೇಲೆ ಅಕ್ಕನಿಗೆ ಬಿಡುಗಡೆಯಾಯಿತು. ಕಾರ್ಖಾನೆಯವರು ಎಸೆಯಲಿದ್ದ, ಬಟ್ಟೆ ನೆನೆಹಾಕುವ ಪ್ಲಾಸ್ಟಿಕ್ ತೊಟ್ಟಿಗಳನ್ನು ಭಾವ ತಂದರು. ತಳದಲ್ಲಿ ಜಲ್ಲಿ ಹರವಿದರು. ಜಲ್ಲಿಯೊಳಗೆ ತೂತು ಕೊರೆದ ಪೈಪು ಮಲಗಿಸಿ, ಅದರ ಒಂದು ತುದಿಯನ್ನು ಮೇಲಕ್ಕೆ ನಿಲ್ಲಿಸಿದರು, ನೀರು ಸುರಿಯಲು. ಜಲ್ಲಿಯ ಮೇಲೆ ಹಳೇ ಬೆಡ್‌ಶೀಟು, ಅದರ ಮೇಲೆ ಒಂದು ಗೇಣಿಗಿಂತ ತುಸು ಹೆಚ್ಚು ಗೊಬ್ಬರದ ಮಣ್ಣು. ಜಲ್ಲಿ ಮುಗಿಯುವ ಮಟ್ಟಕ್ಕೆ ಸರಿಯಾಗಿ ಪಕ್ಕದಲ್ಲಿ ಒಂದು ಕೊಳವೆ, ನನ್ನ ಪ್ಯಾಂಟಿನ ವೈರಿ. ಮೇಲಿಂದ ನೀರು ಹಾಕುವಂತಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವಂತೆ ಮಣ್ಣೇ ತಳದ ನೀರನ್ನು ಸೆಳೆದುಕೊಂಡು ಬೇರಿಗೆ ಕೊಡುತ್ತದೆ. ಆದ್ದರಿಂದ ಭಾವ ಇವಕ್ಕೆ ಬತ್ತಿ ತೊಟ್ಟಿ ಎಂದು ಹೆಸರಿಟ್ಟಿದ್ದರು. ಒಮ್ಮೆ ತುಂಬಿದರೆ ವಾರ ಸುಮ್ಮನಿರಬಹುದು. ಇದು ಲೋಕಕ್ಕೆ ಅನುಕೂಲ, ಭಾವನಿಗೆ ಅನಾನುಕೂಲ. ಆದ್ದರಿಂದ ನಿಂತ ಪೈಪಿನೊಳಗೆ ಥರ್ಮೋಕೋಲ್ ಚೂರಿಗೆ ಕಡ್ಡಿ ಚುಚ್ಚಿ ತೇಲಿಬಿಟ್ಟರು. ಕಡ್ಡಿ ಇಳಿದರೆ ನೀರು ಇಳಿಯಿತೆಂದು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಡ್ಡಿಯಿಂದ ಕಡ್ಡಿಗೆ ಓಡಾಡುವರು. ಬದನೆ, ಟೊಮೆಟೊ, ಬೀನ್ಸ್ ತಮ್ಮ ಪಾಡಿಗೆ ಕಾಯಿ ಬಿಟ್ಟವು. ಅಕ್ಕ ನಿಶ್ಚಿಂತೆಯಿಂದ ಸ್ನಾನ ಮಾಡಿದಳು.

ಈಗ ಸುದ್ದಿ ಕೇಳಿದ್ದೇ ಅವಳು ಸೌಟು ಹಿಡಿದೇ ಹೊರಬಂದಳು.

"ಸೋರ್ತು ಅಂದ್ಯಾ? ನಿನ್ನ ಬಾಯಿಗೆ ಬೀಗ ಹಾಕ! ತುಂಬಿ ಚೆಲ್ಲಿದ್ದಕ್ಕೂ ಸೋರಿದ್ದಕ್ಕೂ ವ್ಯತ್ಯಾಸ ಇಲ್ವೇನೋ?"

"ಒದ್ದೆ ಒಂದೇ ಥರ ಇರುತ್ತೆ ಅಕ್ಕ."

"ಲೋ, ಇದು ಹೋದ್ರೆ ಇವರು ಮತ್ತೆ ನನ್ನ ಮೂಗಿಗೇ ಬರ್ತಾರೆ ಕಣೋ." ದನಿ ತಗ್ಗಿಸಿದಳು. "ಆವಾಗ ಇವರಿಗೂ ನಿದ್ದೆ ಇರ್ಲಿಲ್ಲ. ಕೂತಲ್ಲೇ ಬೆವರ್ತಿದ್ರು. ಈಗ ಒಂದಿಷ್ಟು ಮನುಷ್ಯರ ಥರ ಊಟ ಮಾಡ್ತಿದಾರೆ."

ಭಾವ ಆಗಲೇ ಹೆಡ್‌ಮಿಸ್ ಕೋಣೆಯ ಕಲೆಗೆ ಸರಿಯಾಗಿ ಮೇಲಿದ್ದ ಬದನೆ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಡ್ಡಿ ನೋಡುತ್ತಿದ್ದರು.

"ಇಳಿತಿದೆ" ಅಂದರು.

"ಹಾಗಾದ್ರೆ ಸೋರ್ತಿದೆ" ಅಂದೆ.

"ಗಿಡ ಕುಡೀತಲ್ಲ. ಕುಡಿದದ್ದು ಎಷ್ಟು, ಸೋರಿದ್ದು ಎಷ್ಟು? ಗಿಡ ಹೇಳಲ್ಲ."

ಅಲ್ಲಿತ್ತು ಕಷ್ಟ. ಬಕೆಟ್ಟಾಗಿದ್ದರೆ ನೀರು ಕಡಿಮೆಯಾದೊಡನೆ ತೂತು ಎನ್ನಬಹುದಿತ್ತು. ಇಲ್ಲಿ ನೀರು ಕಡಿಮೆಯಾಗುವುದೇ ಆರೋಗ್ಯದ ಲಕ್ಷಣ. ಭಾವ ಬಹಳ ಹೊತ್ತು ಗದ್ದ ಕೆರೆದು ಒಳಗೆ ಹೋದರು, ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ತಂದರು. ಕಾರ್ಖಾನೆಯಲ್ಲಿ ನೆಲದಡಿ ಪೈಪು ಸೋರುವ ಅನುಮಾನ ಬಂದಾಗ ಒಂದು ತುದಿಯಲ್ಲಿ ನೀಲಿ ಸುರಿದು, ಅದು ಎಲ್ಲಿ ಕಾಣಿಸಿಕೊಳ್ಳುವುದೋ ಎಂದು ಕಾಯುತ್ತಿದ್ದರಂತೆ.

"ಆ ಬದನೆಕಾಯಿ ಇನ್ನು ತಿನ್ನೋ ಹಾಗಿಲ್ಲ" ಎಂದು ಅಕ್ಕ ನಿಟ್ಟುಸಿರಿಟ್ಟಳು. ಭಾವ ಬಾಟಲಿ ಪೂರ್ತಿ ಪೈಪಿಗೆ ಸುರಿದರು. ಕೆಳಗಿನ ಕಲೆ ನೀಲಿಯಾದರೆ ತೋಟ ಮುಗಿಯಿತು ಎಂದು ಹೆಡ್‌ಮಿಸ್‌ಗೂ ತಿಳಿಸಿದ್ದಾಯಿತು.

ಅದಾದ ಮೇಲಿನ ದಿನಗಳಲ್ಲಿ ನನ್ನ ಮನೆಯಲ್ಲಿ ನಾನೂ ಸೂರು ನೋಡತೊಡಗಿದೆ. ಒಂದು ಕಲೆ ಸಿಕ್ಕಿತು. ಏಣಿ ಹಾಕಿ ಹತ್ತಿ ನೋಡಿದರೆ ಜೇಡರ ಬಲೆಯ ನೆರಳು. ಇಳಿಯುವಾಗ ಹೆಂಡತಿ, "ನಿಮ್ಮ ಭಾವನ ಗಾಳಿ ಬೀಸಿತಾ?" ಎಂದಳು. ಭಾವ ದಿನಾ ಫೋನು ಮಾಡುವರು: "ಹೆಡ್‌ಮಿಸ್ ಏನೂ ಹೇಳಿಲ್ಲ." "ಒಳ್ಳೇದಲ್ವಾ ಭಾವ?" "ಹೇಳದೆ ಇರೋದು ಒಳ್ಳೇದೋ ಕೆಟ್ಟದ್ದೋ ಅಂತ." ನಾನೂ ಯೋಚಿಸತೊಡಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ತಾರಸಿಯಲ್ಲಿ ನಾವು ಮೂವರೂ ಇದ್ದೆವು. ಕೆಳಗಿನಿಂದ ಮೇಸ್ತ್ರಿ ಸೂರು ಕೆರೆಯುವ ಸದ್ದು. ಆಮೇಲೆ ಸದ್ದು ನಿಂತಿತು. ಹೆಡ್‌ಮಿಸ್ ಕೂಗಿದರು, ಇಡೀ ಶಾಲೆಗೆ ಕೇಳಿಸುವ ಆ ದನಿಯಲ್ಲಿ:

"ರೀ! ನೀಲಿ ಬಂದಿದೆ ಇಲ್ಲಿ!"

ಅಕ್ಕ ನೆಲಕ್ಕೆ ಕೂತಳು. ಭಾವ ಬದನೆ ತೊಟ್ಟಿಗೆ ಹೋಗಿ, ಕಾಯಿ ತುಂಬಿದ ಗಿಡವೊಂದನ್ನು ಬುಡಕ್ಕೆ ಕೈಹಾಕಿ ಎಳೆದರು. ಬೇರು ತಳದ ಬೆಡ್‌ಶೀಟಿಗೆ ಹೆಣೆದುಕೊಂಡಿತ್ತು, ಬರಲೊಲ್ಲದು. ಎರಡೂ ಕೈ ಹಾಕಿ ಎಳೆದರು, ಚರ್ರೆಂದು ಬಂತು. ಮಣ್ಣು ಅವರ ಮುಖಕ್ಕೆಲ್ಲ ಹಾರಿತು. ಒರೆಸಿಕೊಳ್ಳಲಿಲ್ಲ. ಮತ್ತೊಂದಕ್ಕೆ ಕೈ ಹಾಕಿದರು.

"ಭಾವ, ಮೊದಲು ನೋಡೋಣ ಬನ್ನಿ" ಎಂದು ರಟ್ಟೆ ಹಿಡಿದು ಎಳೆದುಕೊಂಡು ಇಳಿದೆ. ಕಿತ್ತ ಗಿಡ ಅವರ ಕೈಯಲ್ಲೇ ಇತ್ತು.

ಏಣಿಯ ಮೇಲೆ ಮೇಸ್ತ್ರಿ. ಕೆರೆದ ಜಾಗದಲ್ಲಿ ನಿಜವಾಗಿಯೂ ನೀಲಿ. ಭಾವ ಕತ್ತೆತ್ತಿ ನೋಡಿದರು, ನೋಡಿಯೇ ನೋಡಿದರು.

"ಆ ಕಡೆ ಮೂಲೆನೂ ಕೆರಿಯಪ್ಪ" ಅಂದರು.

"ಅಲ್ಲಿ ಒಣಗಿದೆಯಲ್ಲ ಸಾರ್?"

"ಕೆರಿ."

ಮೇಸ್ತ್ರಿ ಗೊಣಗುತ್ತಾ ಏಣಿ ಸರಿಸಿ ಕೆರೆದ. ಅಲ್ಲೂ ನೀಲಿ. ನಡುವೆ ಕೆರೆದ. ಅಲ್ಲೂ ನೀಲಿ. ಹೆಡ್‌ಮಿಸ್ ನಿಧಾನವಾಗಿ ಮಂಚದ ಅಂಚಿಗೆ ಕೂತರು. "ಹೌದಲ್ಲ... ನಮ್ಮವರಿದ್ದಾಗ ಆಕಾಶದ ಬಣ್ಣ ಹೊಡೆಸಿದ್ರು. ನನಗೇ ಸೇರ್ತಿರ್ಲಿಲ್ಲ. ಮೇಲೆ ಬಿಳಿ ಬಳಿಸಿದ್ದು ನಾನೇ." ಸ್ವಲ್ಪ ಹೊತ್ತು ಆ ಹಳೇ ಆಕಾಶವನ್ನೇ ನೋಡುತ್ತಿದ್ದರು.

ಮೇಸ್ತ್ರಿ ತೇವದ ಜಾಡು ಹಿಡಿದು ಗೋಡೆ ತಟ್ಟುತ್ತಾ ಹೋದ. ಜಾಡು ಮುಗಿದದ್ದು ಹೆಡ್‌ಮಿಸ್ ಅವರದೇ ಬಚ್ಚಲ ಗೋಡೆಯಲ್ಲಿ, ಸೂರಿನ ಅಂಚಲ್ಲಿ ಹಾದ ಬಿಸಿನೀರಿನ ಪೈಪಿನ ಜೋಡಣೆಯಲ್ಲಿ. ಒಡೆದು ತೋರಿಸಿದ. ಹನಿಹನಿಯಾಗಿ ಜಿನುಗುತ್ತಿದ್ದ ನೀರು ಸ್ಫಟಿಕದ ಹಾಗೆ ತಿಳಿಯಾಗಿತ್ತು.

ನಮ್ಮ ಹಿಂದೆಯೇ ಇಳಿದು ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತು ಅತ್ತು, ನಕ್ಕು, ಕಿತ್ತ ಗಿಡವನ್ನು ಗಂಡನ ಕೈಯಿಂದ ಕಿತ್ತುಕೊಂಡು ಮತ್ತೆ ನೆಡಲು ಮೇಲಕ್ಕೋಡಿದಳು. ಹೆಡ್‌ಮಿಸ್ ತಪ್ಪೊಪ್ಪಿಕೊಳ್ಳುವ ಅಭ್ಯಾಸವಿಲ್ಲದವರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಭಾವನ ಕಡೆ ತಿರುಗಿದರು.

"ನೋಡಿ, ನಿಮ್ಮ ತೊಟ್ಟಿ ಸೋರಿಲ್ಲ. ಇಟ್ಕೊಳ್ಳಿ, ಬೆಳೆಸ್ಕೊಳ್ಳಿ. ನಿಮ್ಮ ನೀಲಿ ನನ್ನ ಮನೆಗೆ ಒಂದು ಹನಿನೂ ಬಂದಿಲ್ಲ. ಇನ್ನೂ ಯಾಕ್ರೀ ಮುಖ ಹಾಗೆ ಮಾಡ್ಕೊಂಡು ನಿಂತಿದೀರಿ?"

ಭಾವ ಸೂರಿನಿಂದ ಕಣ್ಣು ಕೆಳಗಿಳಿಸಲಿಲ್ಲ.

"ಹಾಗಾದ್ರೆ ಆ ನೀಲಿ ಎಲ್ಲಿ ಹೋಯ್ತು ಅಂತ."