ಎಲೆಗಾಡಿಯ ರೇಡಿಯೊ

ಇವತ್ತು ಬೆಳಿಗ್ಗೆ ಮದ್ದೂರಿನ ಹೋಟೆಲೊಂದರ ಹಿಂಬಾಗಿಲಲ್ಲಿ ಬಾಳೆಎಲೆಯ ಕಟ್ಟು ಇಳಿಸುತ್ತಿದ್ದೆ. ಒಳಗೆ ಯಾರೋ ದೊಡ್ಡ ಬಾಣಲೆಗೆ ಒಂದು ಹಿಡಿ ಕರಿಬೇವು ಹಾಕಿದರು. ಚರ್ ಎಂದು ಎಣ್ಣೆ ಸಿಡಿಯಿತು. ಆ ಸದ್ದಿಗೆ ನನ್ನ ಕೈ ತಾನಾಗಿ ಮುಂದಕ್ಕೆ ಚಾಚಿತು, ರೇಡಿಯೊದ ಗುಂಡಿ ತಿರುಗಿಸಲು ಹೋದ ಹಾಗೆ. ಎದುರಿಗಿದ್ದದ್ದು ಗೋಡೆ. ಕಟ್ಟು ಇಳಿಸಿಕೊಳ್ಳಲು ಬಂದಿದ್ದ ಹೆಂಗಸು ನನ್ನನ್ನು ಒಂದು ಥರ ನೋಡಿದಳು. ಅವಳಿಗೆ ಹೇಳುತ್ತ ನಿಲ್ಲುವಷ್ಟು ಪುರುಸೊತ್ತು ಇರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಮ್ಮದು ಬೆಳಕವಾಡಿ ಕಡೆಯ ಹಳ್ಳಿ. ತೋಟಗಳಲ್ಲಿ ಎಲೆ ಕೊಯ್ಸಿ, ಕಟ್ಟು ಮಾಡಿ, ಪಿಕಪ್ಪಿನಲ್ಲಿ ಮಳವಳ್ಳಿ, ಮದ್ದೂರು, ಮಂಡ್ಯದ ಹೋಟೆಲುಗಳಿಗೂ ಛತ್ರಗಳಿಗೂ ಹಾಕುವುದು ಮನೆಯ ಕಸುಬು. ಗಾಡಿ ಓಡಿಸುತ್ತಿದ್ದವರು ನಮ್ಮ ಯಜಮಾನರು, ಶಿವಲಿಂಗೇಗೌಡರು. ನಾನು ಎಲೆ ಒರೆಸುವವಳು, ಹರಿದದ್ದನ್ನು ಬೇರೆ ಮಾಡುವವಳು. ಗಾಡಿಯ ಬಗ್ಗೆ ನನಗಿದ್ದ ತಿಳಿವಳಿಕೆಯೆಂದರೆ ಅದು ನಿಂತಾಗ ಇಳಿಯಬೇಕು ಎಂಬುದಷ್ಟೇ.

ಎರಡು ವರ್ಷದ ಕೆಳಗೆ ಒಂದು ದಿನ, ಹಲ್ಲುಜ್ಜುತ್ತಿದ್ದವರು ಬಚ್ಚಲ ಕಟ್ಟೆಯ ಮೇಲೆ ಹಾಗೇ ಕುಸಿದರು. ಲಕ್ವ. ಬಲಗೈ, ಬಲಗಾಲು ಹೋಯಿತು. ಕಾಲು ಅಷ್ಟಿಷ್ಟು ಹಿಂದಿರುಗಿತು, ಕೈ ಬರಲಿಲ್ಲ. ಮಾತೂ ಹೋಯಿತು. ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಬರುವಾಗ ಅವರ ಬಾಯಲ್ಲಿ ಉಳಿದಿದ್ದದ್ದು ಒಂದೇ ಒಂದು ಮಾತು: ನೀರು. ಹಸಿವಾದರೂ ನೀರು, ಟವೆಲು ಬೇಕಾದರೂ ನೀರು, ಜಗುಲಿಗೆ ಬಂದ ಬೆಕ್ಕನ್ನು ಓಡಿಸುವುದಕ್ಕೂ ನೀರು. ಮಾತು ಕಲಿಸುವ ಡಾಕ್ಟರಮ್ಮ ಹೇಳಿದರು, "ಅವರಿಗೆ ಎಲ್ಲ ಅರ್ಥ ಆಗುತ್ತೆ ಕಣಮ್ಮ. ಒಳಗೆ ಒಂದು ಮಾತು ಹುಡುಕಿದರೆ ಬಾಯಿಗೆ ಇನ್ನೊಂದು ಬರುತ್ತೆ. ಕಿವಿಗೆ ಮಾತು ಬೀಳ್ತಾನೇ ಇರಲಿ."

ಎಲೆ ಮಾತ್ರ ತೋಟದಲ್ಲಿ ಬೆಳೆಯುತ್ತಲೇ ಇತ್ತು. ಐವತ್ತರ ಹತ್ತಿರಕ್ಕೆ ಬಂದವಳು ಬತ್ತಿದ ಕೆರೆಯಂಗಳದಲ್ಲಿ ಗಾಡಿ ಕಲಿತೆ. ಮುಂದಕ್ಕೆ ಓಡಿಸುವುದು ಬೇಗ ಬಂತು. ಹಿಂದಕ್ಕೆ ಬಿಡುವುದು ಈಗಲೂ ಅಷ್ಟಕ್ಕಷ್ಟೆ. ನಾನು ರಿವರ್ಸ್ ಹಾಕಿದರೆ ಮಂಡ್ಯದ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಟೀ ಕುಡಿಯುವವರು ಲೋಟ ಹಿಡಿದುಕೊಂಡೇ ಎದ್ದು ನಿಲ್ಲುತ್ತಾರೆ. ಸೀರೆಯ ಮೇಲೆ ಯಜಮಾನರ ಹಳೇ ಶರ್ಟು ತೊಟ್ಟು, ಅವರನ್ನು ಪಕ್ಕದ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿಕೊಂಡು ಹೊರಡುತ್ತಿದ್ದೆ. ಮನೆಯಲ್ಲಿ ಒಬ್ಬರನ್ನೇ ಬಿಡುವಂತಿರಲಿಲ್ಲ. ಡಾಕ್ಟರಮ್ಮ ಇದ್ದದ್ದೂ ಮಂಡ್ಯದಲ್ಲೇ.

ಮೊದಮೊದಲು ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅಗೋ ಗದ್ದೆ, ಅಗೋ ಎಮ್ಮೆ, ಇಗೋ ನಿಮ್ಮ ದೊಡ್ಡಪ್ಪನ ಮಗ ಬೈಕಿನಲ್ಲಿ ಹೋದ. ಮಳವಳ್ಳಿ ಬರುವಷ್ಟರಲ್ಲಿ ಮಾತು ಮುಗಿದುಹೋಗುತ್ತಿತ್ತು. ನೀವೂ ಬೇಕಾದರೆ ಮಾಡಿ ನೋಡಿ: ಉತ್ತರವಿಲ್ಲದ ಕಡೆಗೆ ದಿನವೂ ಮಾತಾಡುವುದು ಬಾವಿಯಿಂದ ನೀರು ಸೇದಿ ಸೇದಿ ನೆಲಕ್ಕೆ ಚೆಲ್ಲಿದಷ್ಟು ಆಯಾಸ. ಡಾಕ್ಟರಮ್ಮ ನನಗೆ ಹೇಳಿದ ಕೆಲಸವನ್ನು ನಾನು ರೇಡಿಯೊಗೆ ಒಪ್ಪಿಸಿದೆ. ಮೈಸೂರಿನ ಸ್ಟೇಷನ್ನು ಹಾಕಿದರೆ ವಾರ್ತೆ, ರೈತರಿಗೆ ಸಲಹೆ, ಹಳೇ ಚಿತ್ರಗೀತೆ, ಯಾವುದೋ ಊರಿನ ಹೆಂಗಸು ಫೋನು ಮಾಡಿ ಹಾಡು ಕೇಳುವುದು. ನನ್ನ ಗಂಟಲಿಗೆ ಬಿಡುವು ಸಿಕ್ಕಿತು. ಅವರೂ ತಲೆ ಓರೆ ಮಾಡಿಕೊಂಡು ಕೇಳುತ್ತಿದ್ದರು.

ಅಷ್ಟರಲ್ಲಿ ರೇಡಿಯೊ ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ವಾಸಿಯಿತ್ತು. ಮಾತು ಶುರುವಾಗುವುದು, ಅದರ ಮೇಲೆ ಚರ್ ಎಂದು ಸಿಡಿತ ಬಂದು ಮುಚ್ಚಿಕೊಳ್ಳುವುದು, ಮತ್ತೆ ಅರ್ಧ ಮಾತು. ಮಳೆ ಬಂದ ಮಾರನೆಯ ದಿನವಂತೂ ಬರೀ ಒಗ್ಗರಣೆ. ಕಂಡವರೆಲ್ಲ ವೈದ್ಯರಾದರು. ಏರಿಯಲ್ ಕಡ್ಡಿಗೆ ತಾಮ್ರದ ತಂತಿ ಸುತ್ತು ಎಂದರು, ಸುತ್ತಿದೆ. ಗಾಡಿಯ ಮೂತಿಯನ್ನು ಮೈಸೂರಿನ ಕಡೆಗೆ ಇಟ್ಟು ನೋಡು ಎಂದರು. ಮೈಸೂರಿನ ಕಡೆಗೆ ಮೂತಿ ಇಟ್ಟುಕೊಂಡು ಮಂಡ್ಯಕ್ಕೆ ಹೋಗುವುದು ಹೇಗೆಂದು ಯಾರೂ ಹೇಳಲಿಲ್ಲ. ನಾನು ಡ್ಯಾಶ್‌ಬೋರ್ಡಿಗೆ ಗುದ್ದುತ್ತಿದ್ದೆ. ಮೂರನೆಯ ಗುದ್ದಿಗೆ ಒಂದೆರಡು ಮಾತು ಸ್ವಚ್ಛವಾಗಿ ಕೇಳಿ, ನನ್ನ ಕೈಗುಣದ ಮೇಲೆ ನನಗೇ ನಂಬಿಕೆ ಬಂದುಬಿಟ್ಟಿತ್ತು.

ಸಿಡಿತ ಶುರುವಾದರೆ ಯಜಮಾನರು ಸೀಟಿನಲ್ಲಿ ಕೂರುತ್ತಿರಲಿಲ್ಲ. ಎಡಗೈಯನ್ನು ಅಡ್ಡ ಚಾಚಿ ರೇಡಿಯೊ ಮೇಲೆ ಬಡಿದು, "ನೀರು, ನೀರು" ಎನ್ನುವರು. ನಾನು ಗಾಡಿಯನ್ನು ಮರದ ನೆರಳಿಗೆ ಹಾಕಿ ಬಾಟಲಿ ತೆಗೆದು ಕೊಡುವೆ. ಅದನ್ನು ತಳ್ಳಿ, ಮತ್ತೆ ನೀರು ಎನ್ನುವರು. ಉಚ್ಚೆಗಿರಬಹುದು ಎಂದು ಇಳಿಸುವೆ, ಅದೂ ಅಲ್ಲ. ಒಂದು ದಿನ ಬಾಟಲಿ ಜಾರಿ ನನ್ನ ಮಡಿಲೆಲ್ಲ ನೆನೆಯಿತು. ಹಿಂದೆ ಎಲೆ ಬಾಡುತ್ತಿತ್ತು. ಸ್ಟೀರಿಂಗಿಗೆ ತಲೆಯಿಟ್ಟು, "ಏನ್ ಬೇಕು ಅಂತ ಏಳ್ಬುಡಿ. ನಂಗೂ ಸಾಕಾಗ್ಬುಟ್ಟದೆ ಕಣ್ರೀ" ಅಂದೆ. ಅವರು ಮುಖವನ್ನು ಕಿಟಕಿಗೆ ತಿರುಗಿಸಿಕೊಂಡರು. ಮದ್ದೂರು ಬಂದರೂ ಈ ಕಡೆ ನೋಡಲಿಲ್ಲ.

ಮಳವಳ್ಳಿಯಲ್ಲಿ ಗಾಡಿಗಳಿಗೆ ರೇಡಿಯೊ, ಹಾರ್ನು ಹಾಕಿಕೊಡುವ ಇಮ್ತಿಯಾಜ್ ಇದ್ದಾನೆ. ಯಜಮಾನರಿಗೆ ಹಳೇ ಪರಿಚಯ, ನನಗೆ ಅಕ್ಕ ಎನ್ನುತ್ತಾನೆ. ಅವನು ಮೊದಲು ಏರಿಯಲ್ ಕಡ್ಡಿ ಬದಲಾಯಿಸಿದ. ಒಂದು ದಿನ ಚೆನ್ನಾಗಿತ್ತು. ಎರಡನೆಯ ಸಲ ಹೋದಾಗ ನನ್ನ ಮೊಬೈಲ್ ಚಾರ್ಜರು ಕಿತ್ತಿಟ್ಟು, "ಇದೂ ಗೊರಗೊರ ಅನ್ನುಸ್ತದೆ ಕಣಕ್ಕ" ಎಂದ. ಗೊರಗೊರ ಕಡಿಮೆಯಾಯಿತು, ಸಿಡಿತ ಹೋಗಲಿಲ್ಲ. ಮೂರನೆಯ ಸಲ ಅವನಿಗೂ ಬೇಸರ ಬಂದಿತ್ತು.

"ಸೆಟ್ಟೇ ಕೆಟ್ಟೋಗದೆ ಅನ್ಸುತ್ತೆ. ಒಸದು ಆಕುಸ್ಬುಡಿ. ಟಚ್ಚಿಂದು ಬತ್ತದೆ."

"ಅವ್ರಿಗೆ ಆ ಗುಂಡಿನೇ ಅಭ್ಯಾಸ ಕಣಪ್ಪ," ಅಂದೆ. ಆದರೂ ಆ ಹೊತ್ತಿಗೆ ನನಗೆ ಯಾವ ಹಟವೂ ಉಳಿದಿರಲಿಲ್ಲ. "ಆಗ್ಲಿ, ಬಿಚ್ಚು" ಎಂದೆ.

ಅವನು ಸ್ಕ್ರೂ ಬಿಚ್ಚಲು ಶುರುಮಾಡಿದ್ದೇ ತಡ, ಸೀಟಿನಲ್ಲಿದ್ದ ಯಜಮಾನರು ಎಡಗೈಯಿಂದ ಅವನ ಮಣಿಕಟ್ಟು ಹಿಡಿದುಕೊಂಡು, "ನೀರು, ನೀರು" ಎಂದು ಕೂಗಿದರು.

"ಅಣ್ಣಂಗೆ ನೀರ್ ಕೊಡಕ್ಕ," ಎಂದ ಇಮ್ತಿಯಾಜ್.

"ಕೊಟ್ರೆ ಕುಡಿಯಲ್ಲ. ನೀ ಬಿಚ್ಚು."

ಸೆಟ್ಟು ಹೊರಗೆ ಬಂತು. ಅದರ ಹಿಂದೆ ಏರಿಯಲ್ ಕಡ್ಡಿಯ ವೈರು ಸಿಕ್ಕಿಸುವ ಪಿನ್ನು. ಇಮ್ತಿಯಾಜ್ ಅದನ್ನು ಎಳೆದು ಬೆಳಕಿಗೆ ಹಿಡಿದ. ಪಿನ್ನಿನ ತುಂಬ ಹಸಿರು ಕಿಲುಬು. ವೈರಿನ ತುದಿಯಿಂದ ಒಂದು ಹನಿ ಇಳಿದು ಅವನ ಅಂಗೈಗೆ ಬಿತ್ತು, ಅದರ ಹಿಂದೆ ಇನ್ನೊಂದು. ಮೇಲೆ ಕಡ್ಡಿ ಕೂರುವ ಜಾಗದ ರಬ್ಬರು ಒಣಗಿ ಬಿರುಕುಬಿಟ್ಟಿತ್ತು. ಮಳೆ ಅಲ್ಲಿಂದ ಇಳಿದು ವೈರಿನೊಳಗೇ ಹರಿದು ಬರುತ್ತಿತ್ತು.

ಇಮ್ತಿಯಾಜ್ ಅಂಗೈ ನೋಡಿಕೊಂಡು ಮೆಲ್ಲಗೆ, "ಅಕ್ಕ, ನೀರು" ಎಂದ.

ನಾನು ಯಜಮಾನರ ಮುಖ ನೋಡಿದೆ. ಅವರು ಅವನ ಮಣಿಕಟ್ಟು ಬಿಟ್ಟು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖದ ಒಂದೇ ಕಡೆಯಿಂದ ನಕ್ಕರು. ಬಿದ್ದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅವರಿಗೆ ನಿಜಕ್ಕೂ ಗೊತ್ತಿತ್ತೋ, ಎಂದಿನ ಮಾತೇ ಆ ದಿನ ತಾಳೆಯಾಯಿತೋ? ಡಾಕ್ಟರಮ್ಮನನ್ನು ಕೇಳಿದೆ, ಅವರು ಎರಡೂ ಇರಬಹುದು ಎಂದರು. ಹತ್ತಾರು ವರ್ಷದಿಂದ ಆ ಗಾಡಿಯ ಒಂದೊಂದು ಸದ್ದನ್ನೂ ಬಲ್ಲ ಮನುಷ್ಯ. ನಾನು ಗೊತ್ತಿತ್ತು ಎಂದೇ ಇಟ್ಟುಕೊಂಡಿದ್ದೇನೆ.

ಹೊಸ ವೈರು, ಹೊಸ ರಬ್ಬರು ಹಾಕಿದ ಮೇಲೆ ಹಳೇ ಸೆಟ್ಟೇ ಚೆನ್ನಾಗಿ ಕೇಳುತ್ತಿದೆ. ಆಮೇಲೆ ಅವರಿಗೂ ಒಂದೊಂದೇ ಮಾತು ಬಂತು: ಬಾ, ಸಾಕು, ಎಲೆ. ಹಾಗೆಂದು ನನ್ನ ಆಯಾಸವೇನೂ ಇಳಿದಿಲ್ಲ. ಬೆಳಗಾದರೆ ಅದೇ ಎಲೆ, ಅದೇ ರಸ್ತೆ, ಅವರನ್ನು ಹತ್ತಿಸುವುದು, ಇಳಿಸುವುದು.

ಇವತ್ತು ಮದ್ದೂರಿನಿಂದ ಹಿಂದಿರುಗುವಾಗ ಕೊಕ್ಕರೆ ಬೆಳ್ಳೂರಿನ ಕಡೆಗೆ ಹೋಗುತ್ತಿದ್ದ ಎರಡು ಹಕ್ಕಿ ಗಾಡಿಯ ಮೇಲೇ ಹಾದವು. ಯಜಮಾನರು ಎಡಗೈ ಚಾಚಿ ರೇಡಿಯೊ ಆಫ್ ಮಾಡಿದರು.

"ಯಾಕ್ರೀ, ಚೆಂದಾಗೇ ಕೇಳ್ತಿತ್ತಲ್ಲ," ಅಂದೆ.

ಅವರು ನನ್ನ ಕಡೆ ತಿರುಗಿ, ಬಾಯಲ್ಲಿ ಮಾತು ಹುಡುಕಿ, "ಏಳು" ಎಂದರು.

ಏನು ಹೇಳಲಿ? ಮದುವೆಯಾದ ಹೊಸದರಲ್ಲಿ ಇಬ್ಬರೂ ಬೆಳ್ಳೂರಿಗೆ ಹೋಗಿದ್ದೆವಲ್ಲ, ಅದನ್ನೇ ತೆಗೆದೆ. ಹುಣಸೆಮರದ ಕೆಳಗೆ ನಿಂತಿದ್ದೆವು, ನಿಮ್ಮ ಮದುವೆಯ ಶರ್ಟಿನ ಮೇಲೆ ಹಕ್ಕಿ ಹಿಕ್ಕೆ ಹಾಕಿಬಿಟ್ಟಿತ್ತು ಎಂದೆ. ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿ ನಗಿಸಿದ್ದೇನೆ.

"ಅಲ್ಲ," ಎಂದರು.

ಅದೂ ಹೊಸ ಮಾತು. ನಾನು ಗಾಡಿ ನಿಧಾನ ಮಾಡಿದೆ. "ಏನಲ್ಲ? ಮದ್ವೆ ಶರ್ಟಲ್ವಾ?"

"ಅಲ್ಲ."

"ಮತ್ತೆ? ಬೆಳ್ಳೂರಲ್ವಾ?"

ಅವರು ತಲೆ ಅಲ್ಲಾಡಿಸಿ, ಬಗ್ಗಿ, ನನ್ನ ಶರ್ಟಿನ ಕೆಳಗೆ ಸಿಕ್ಕಿಸಿದ್ದ ಸೆರಗನ್ನು ಹಿಡಿದು ಎಳೆದರು.

ಆಗ ನೆನಪಾಯಿತು. ಹೌದು, ನನ್ನ ಸೀರೆ. ಧಾರೆ ಸೀರೆಯ ಸೆರಗು. ಅವರು ಕಾಲುವೆಯಲ್ಲಿ ಕರ್ಚೀಫು ಅದ್ದಿ ತಂದು ಒರೆಸಿದ್ದರು. ಇಷ್ಟು ವರ್ಷ ನಾನು ತಪ್ಪು ಹೇಳಿಕೊಂಡು ಬಂದಿದ್ದೆ, ಅವರು ಪಕ್ಕದಲ್ಲೇ ಕೂತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

"ಆಯ್ತು, ನನ್ ಸೀರೆನೇ" ಎಂದೆ. ಸೆರಗನ್ನು ಅವರ ಕೈಯಿಂದ ಬಿಡಿಸಿಕೊಳ್ಳಲು ಹೋಗಲಿಲ್ಲ. ಗೇರು ಬದಲಾಯಿಸಿ, ಮುಂದೆ ಏನಾಯಿತು ಎಂದು ಹೇಳತೊಡಗಿದೆ.