ಹೆಂಡತಿಯೊಡನೆ ಕುಸ್ತಿಗೆ ಇಳಿದದ್ದು

ಮೈಸೂರಿನವನು ಎಂದ ಕೂಡಲೇ ನನಗೆ ಕುಸ್ತಿ ಬರುತ್ತದೆ ಎಂದುಕೊಳ್ಳುವವರಿದ್ದಾರೆ. ಬರುವುದಿಲ್ಲ. ನಮ್ಮ ಬೀದಿಯ ಕೊನೆಯಲ್ಲೊಂದು ಗರಡಿಮನೆ ಇದ್ದದ್ದು ನಿಜ. ಅದರ ಕಿಟಕಿಗೆ ಮೂಗು ಹಚ್ಚಿ ಕೆಮ್ಮಣ್ಣಿನ ವಾಸನೆ ಎಳೆದುಕೊಂಡು, ಯಾರಾದರೂ ಒಳಗೆ ಕರೆದಾರೆಂದು ಮನೆಗೆ ಓಡುತ್ತಿದ್ದವನು ನಾನು. ಅಂಥವನು ಐವತ್ತರ ಹತ್ತಿರ ಬಂದ ಮೇಲೆ, ಅದೂ ಮಲೇಷ್ಯಾದಲ್ಲಿ, ಜನ ಮಾಸ್ಕನ್ನು ಗದ್ದಕ್ಕಿಳಿಸಲು ಆಗಷ್ಟೇ ಧೈರ್ಯ ಮಾಡುತ್ತಿದ್ದ ದಿನಗಳಲ್ಲಿ ಅಖಾಡಕ್ಕೆ ಇಳಿದೆ. ಅಖಾಡವೆಂದರೆ ಸುಬಾಂಗ್ ಜಯಾದ ಒಂದು ಜಿಮ್ಮಿನ ನೀಲಿ ಮ್ಯಾಟು.

ಕರೆದವರು ಮೇ ಲಿಂಗ್. ನನ್ನ ಹೆಂಡತಿ ವಸುಧಾ ನಾವಿರುವ ಮೆಲಾಕಾದಲ್ಲೇ ಡಾಕ್ಟರು. ಮೇ ಲಿಂಗ್ ಅವಳ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟು. ದೊಡ್ಡವರೆಲ್ಲ ಭಾನುವಾರ ಮಧ್ಯಾಹ್ನ ಸೇರಿ, ತಮಾಷೆಗೆ ಕುಸ್ತಿ ಆಡಿ, ಆಮೇಲೆ ಕೂತು ತಿಂದುಂಡು ಹೋಗುವ ಪಾರ್ಟಿಯಂತೆ. ಬಹುಮಾನವಿಲ್ಲ. ಯಾರನ್ನೂ ಮುಟ್ಟದೆ ಕೂತು ಕೂತು ಎಲ್ಲರೂ ಮರಗಟ್ಟಿದ್ದಾರೆ, ಅದಕ್ಕೆ ಇದೇ ಮದ್ದು ಎಂಬುದು ಆಕೆಯ ವಾದ.

“ನಾವೂ ಹೋಗುವ” ಎಂದಳು ವಸುಧಾ.

“ಕುಸ್ತಿಗಾ?”

“ಮತ್ತೆಂತ, ಭಜನೆಗಾ? ಸುಮ್ನೆ ಬನ್ನಿ ಮಾರಾಯ್ರೆ.” ಉಡುಪಿಯವಳು, ಮಾರಾಯ್ರೆ ಎಂದಮೇಲೆ ಅಪೀಲಿಲ್ಲ.

ಮಗಳು ಫೋನಿನಿಂದ ತಲೆಯೆತ್ತದೆ, “ಅಪ್ಪಾ, ಪ್ಲೀಸ್ ಡೋಂಟ್ ಪೋಸ್ಟ್ ಎನಿಥಿಂಗ್” ಎಂದಳು.

ನನ್ನ ಹೆದರಿಕೆ ಮೂಳೆ ಮುರಿಯುವುದರದ್ದಷ್ಟೇ ಆಗಿರಲಿಲ್ಲ. ಕೋವಿಡ್ ಶುರುವಾದಾಗ ವಸುಧಾಳಿಗೆ ವಾರ್ಡ್ ಡ್ಯೂಟಿ ಬಿತ್ತು. ನಾನು ಸೈಬರ್‌ಜಯಾದ ಆಫೀಸಿನ ಕೆಲಸವನ್ನು ಊಟದ ಮೇಜಿಗೆ ತಂದುಕೊಂಡಿದ್ದೆ. ನನಗೆ ಉಬ್ಬಸ ಬೇರೆ. ಅವಳು ಆಸ್ಪತ್ರೆಯಿಂದ ಬಂದು, ಸ್ನಾನ ಮಾಡಿ, ನೇರ ಪಕ್ಕದ ಕೋಣೆ ಸೇರುತ್ತಿದ್ದಳು. ನಾನು ತಟ್ಟೆಯನ್ನು ಬಾಗಿಲ ಬಳಿಯಿಟ್ಟು ಹಿಂದೆ ಸರಿಯುತ್ತಿದ್ದೆ. ಬುದ್ಧಿವಂತಿಕೆಯ ನಿಯಮವೇ. ಆದರೆ ಅದನ್ನು ಹಾಕಿಕೊಂಡ ಹಾಗೆ ತೆಗೆದುಹಾಕುವುದು ಇಬ್ಬರಿಗೂ ಹೊಳೆಯಲಿಲ್ಲ. ಲಸಿಕೆ ಬಂತು, ಮಾಲ್‌ಗಳು ತೆರೆದವು, ವಾರ್ಡೂ ಮುಚ್ಚಿತು. ಅವಳ ದಿಂಬು ಮಾತ್ರ ಪಕ್ಕದ ಕೋಣೆಯಲ್ಲೇ ಉಳಿಯಿತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಸ್ವಂತ ಹೆಂಡತಿಯನ್ನು ಸ್ವಂತ ಮಂಚಕ್ಕೆ ಯಾವ ಮಾತಿನಿಂದ ಕರೆಯುವುದು? ಅವಳಿಗೆ ಬೇಡವಾಗಿದ್ದರೆ? ಆ ಪ್ರಶ್ನೆ ಬಂದಾಗಲೆಲ್ಲ ನಾನು ಎದ್ದು ಫ್ಯಾನಿನ ವೇಗ ಬದಲಿಸುತ್ತಿದ್ದೆ.

ಕನ್ನಡದಲ್ಲಿ ಕೈ ಮಿಲಾಯಿಸುವುದು ಎಂದರೆ ಹೊಡೆದಾಟ. ಅಕ್ಷರಶಃ ನೋಡಿದರೆ ಕೈಗೆ ಕೈ ಸೇರಿಸುವುದು, ಅಷ್ಟೆ. ಎರಡಕ್ಕೂ ಒಂದೇ ಮಾತು ಸಾಕೆಂದು ತೀರ್ಮಾನಿಸಿದವರು ಸಂಸಾರಸ್ಥರೇ ಇರಬೇಕು ಎಂದು ಆ ಭಾನುವಾರ ಜಿಮ್ಮಿಗೆ ಹೋಗುವ ಹೆದ್ದಾರಿಯುದ್ದಕ್ಕೂ ಯೋಚಿಸಿದೆ.

ಜಿಮ್ಮಿನ ಬಾಗಿಲಲ್ಲೇ ಎಲ್ಲರ ಮೂಗಿಗೂ ಕೋವಿಡ್ ಟೆಸ್ಟಿನ ಕಡ್ಡಿ. ಸೋಂಕು ತೋರಿಸುವ ಎರಡನೇ ಗೆರೆ ಮೂಡದಿರಲಿ ಎಂದು ಅಷ್ಟು ಕಾಲ ದೇವರಿಗೆ ಮೊರೆಯಿಟ್ಟವನು ಅಂದು ಮೂಡಲಿ ಎಂದು ಬೇಡಿಕೊಂಡೆ. ಮೂಡಲಿಲ್ಲ.

ಮೊದಲು ನನ್ನೆದುರು ನಿಂತವರು ರಾಜನ್ ಎಂಬ ತಮಿಳು ಅಕೌಂಟೆಂಟು. ಬೀರುವಿನಷ್ಟು ಅಗಲ. “ಭಯಪಡಾದೀಂಗ ಸಾರ್” ಎನ್ನುತ್ತಾ ನನ್ನನ್ನೆತ್ತಿ, ತೊಟ್ಟಿಲಿಗೆ ಕೂಸನ್ನು ಹಾಕುವ ಹಾಗೆ ಮ್ಯಾಟಿನ ಮೇಲೆ ಮಲಗಿಸಿದರು. ಅವರ ಬೆವರು ನನ್ನ ತೋಳಿಗೆ ಹತ್ತಿತು. ಸ್ಯಾನಿಟೈಸರಿಗೆ ತಡಕಾಡಿದೆ, ಜೇಬೇ ಇರಲಿಲ್ಲ. ಉಸಿರು ಬಿಗಿಹಿಡಿದು ಗೋಡೆಗೊರಗಿದೆ. ಇನ್ನು ಮನೆಗೆ ಹೋಗಬಹುದು ಎಂದುಕೊಳ್ಳುವಷ್ಟರಲ್ಲಿ ಮೇ ಲಿಂಗ್ ಕೂಗಿದರು: “ನೆಕ್ಸ್ಟ್ ಡಾಕ್ಟರ್! ಹಸ್ಬೆಂಡ್ ಜೊತೆ ಲಾ! ಟ್ಯಾಪ್ ಮಾಡಿದ್ರೆ ಸ್ಟಾಪ್, ಓಕೆ?” ಲಾ ಎಂಬುದು ಇಲ್ಲಿಯವರ ಮಾತಿನ ಬಾಲ, ವಸುಧಾಳ ಮಾರಾಯ್ರೆಯ ಹಾಗೆ.

ವಸುಧಾ ಕೂದಲನ್ನು ಎತ್ತಿ ಕಟ್ಟಿ ಎದುರು ಬಂದು ನಿಂತಳು. ಅವಳ ಕಿವಿಯ ಹಿಂದೆ ಇಷ್ಟು ಬಿಳಿಗೂದಲು ಯಾವಾಗ ಬಂತು? ಕೈಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಹೆಗಲ ಮೇಲೆ ಬೆರಳ ತುದಿಯಷ್ಟೇ ಇಟ್ಟೆ.

“ಒತ್ತಿ ಮಾರಾಯ್ರೆ. ನಾನೆಂತ ಗಾಜಿಂದಾ?”

ಒತ್ತಿದೆ. ಅವಳೂ ಒತ್ತಿದಳು. ಅವಳಿಗೆ ಇಷ್ಟು ಶಕ್ತಿ ಇದ್ದದ್ದು ನನಗೆ ಗೊತ್ತಿರಲಿಲ್ಲ; ಉಸಿರು ನಿಂತ ರೋಗಿಗಳ ಎದೆ ಒತ್ತಿ ಒತ್ತಿ ಬಂದದ್ದಿರಬಹುದು. ಜಾರಿದೆ, ಅವಳ ಸೊಂಟ ಹಿಡಿದೆ, ಇಬ್ಬರೂ ಬಿದ್ದೆವು. ನಾನು ಚಿತ್, ಅವಳು ಮೇಲೆ. ಸುತ್ತ ಕೇಕೆ. ಸೋತೆನೆಂದು ನಾನು ಮ್ಯಾಟಿಗೆ ಕೈ ತಟ್ಟಿ ಟ್ಯಾಪ್ ಮಾಡಬೇಕು, ಅಷ್ಟೇ ಬಾಕಿ.

ಮಾಡಲಿಲ್ಲ.

“ಅಂಕಲ್, ಟ್ಯಾಪ್ ಲಾ!” ಎಂದರು ಮೇ ಲಿಂಗ್.

“ನೋವಾಗ್ತದಾ?” ಎಂದು ವಸುಧಾ ಪಿಸುಗುಟ್ಟಿದಳು.

“ಇಲ್ಲ.”

“ಮತ್ತೆ ಯಾಕೆ ಟ್ಯಾಪ್ ಮಾಡೂದಿಲ್ಲ?”

“ಸ್ವಲ್ಪ ಹೊತ್ತು ಹೀಗೇ ಇರು.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಅವಳ ಹಿಡಿತ ಸಡಿಲವಾಯಿತು, ಭಾರ ಮಾತ್ರ ಹಾಗೇ ಉಳಿಯಿತು. ಹಣೆಯನ್ನು ನನ್ನ ಹೆಗಲಿಗೆ ಇಟ್ಟಳು. ನನ್ನ ಬನಿಯನ್ ಒದ್ದೆಯಾದದ್ದು ಬೆವರಿನಿಂದ ಎಂದು ನೋಡಿದವರು ತಿಳಿದಿರಬೇಕು. ರಾಜನ್ ಮಾತ್ರ ಅತ್ತ ತಿರುಗಿ ನೀರು ಕುಡಿಯತೊಡಗಿದರು.

ವಾಪಸು ಬರುವಾಗ ಕಾರಿನಲ್ಲಿ ಅವಳೇ ಹೇಳಿದಳು: “ಕೋವಿಡ್ ನನ್ನಿಂದ ನಿಮಗೆ ಬಂದ್ರೆ ಅಂತ ಹೆದರಿಕೆ. ನಿಮ್ಮ ಹಾಗೆ ಉಬ್ಬಸ ಇದ್ದವ್ರನ್ನೇ ನಾನು ವಾರ್ಡಲ್ಲಿ ಕಳ್ಕೊಂಡದ್ದು. ಈಗ್ಲೂ ಹೆದರಿಕೆ ಉಂಟು.”

“ನಾನು ನಿಂಗೆ ಬೇಡ ಆಯ್ತೇನೋ ಅಂದ್ಕೊಂಡಿದ್ದೆ.”

“ಎಂತ ಜನ ಮಾರಾಯ್ರೆ ನೀವು!” ಎಂದು ಅವಳು ನಕ್ಕಳು, ಮೂಗು ಒರೆಸಿಕೊಂಡಳು. ಅಂದೇ ದಿಂಬು ಈಚೆ ಕೋಣೆಗೆ ಬಂತು.

ಬೆಳಿಗ್ಗೆ ಎದ್ದರೆ ರಾಜನ್ ಕೃಪೆಯಿಂದ ನನ್ನ ಕುತ್ತಿಗೆ ಒಂದೇ ಕಡೆ ತಿರುಗುತ್ತಿತ್ತು. ಪುಣ್ಯಕ್ಕೆ ಅದು ಅವಳು ಮಲಗಿದ್ದ ಕಡೆ. ನೋಡುತ್ತಿದ್ದ ಹಾಗೆಯೇ ಅವಳು ಜೋರಾಗಿ ಸೀನಿದಳು. ನನ್ನ ಮೈ ಮಂಚದ ಅಂಚಿಗೆ ಹಾರಲು ಹವಣಿಸಿತು. ಕುತ್ತಿಗೆ ಬಿಡಲಿಲ್ಲ.

“ಹೆದರಿದ್ರಾ?” ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಹೂಂ” ಎಂದೆ. ಹೆದರುತ್ತಲೇ ಅಲ್ಲೇ ಮಲಗಿದ್ದೆ.